ಮಳೆಗಾಲ ದಾಟಿದ ನೈಲಾನ್ ಗಿಟಾರ್: ಲ್ಯಾಟಿನ್ ಜಾಜ್‌ಗೆ ಯಮಹಾ ಎನ್‌ಟಿಎಕ್ಸ್1

ಶುರುವಿನಲ್ಲೇ ಹೇಳಿಬಿಡುತ್ತೇನೆ. ಲ್ಯಾಟಿನ್ ಜಾಜ್ (ಬ್ರೆಜಿಲ್, ಕ್ಯೂಬಾ ಕಡೆಯ ತಾಳಕ್ಕೆ ಜಾಜ್ ಸೇರಿದ ಸಂಗೀತ) ನುಡಿಸೋಕೆ ಅಂತ ನೈಲಾನ್ ತಂತಿಯ ಗಿಟಾರ್ ಹುಡುಕುತ್ತಿದ್ದರೆ ಬ್ರಾಂಡ್ ಆಮೇಲೆ ನೋಡಿ, ಮರ ಆಮೇಲೆ ನೋಡಿ. ಮೊದಲು ಬಲಗೈ ಹೆಬ್ಬೆರಳಿನಿಂದ ಬೇಸ್ ತಂತಿ ಮೀಟಿ, ಸದ್ದು ಹೇಗೆ ಹುಟ್ಟುತ್ತದೆ, ಹೇಗೆ ನಿಲ್ಲುತ್ತದೆ ಅಂತ ಕೇಳಿ. ಕೊಡಗಿನವರಾದರೆ ಇನ್ನೊಂದು ಪ್ರಶ್ನೆಯೂ ಇದೆ: ಈ ಗಿಟಾರ್ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ತಡೆಯುತ್ತದಾ? ಎರಡಕ್ಕೂ ಉತ್ತರ ಸಿಕ್ಕ ಮೇಲೆ ದುಡ್ಡಿನ ಮಾತು. ನಾನು ಇದನ್ನು ಕಲಿತದ್ದು ಒಂದು ಒಳ್ಳೆ ಗಿಟಾರ್ ಹಾಳಾದ ಮೇಲೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೂರ್ನಾಡು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹತ್ತು ವರ್ಷ ಸ್ಟೀಲ್ ತಂತಿಯ ಗಿಟಾರ್ ನುಡಿಸಿದೆ, ಹಾಡಿಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕುವುದು, ಅಷ್ಟೇ. ಆಮೇಲೆ ಬ್ರೆಜಿಲ್‌ನ ಬೋಸಾ ನೋವಾ, ಅಂದರೆ ಸಾಂಬಾ ತಾಳಕ್ಕೆ ಜಾಜ್ ಬೆರೆಸಿದ ಮೆತ್ತನೆಯ ಸಂಗೀತ, ಕಿವಿಗೆ ಬಿತ್ತು. ನಮ್ಮ ಕಡೆ ಬ್ರೆಜಿಲ್ ಅಂದರೆ ಕಾಫಿ ರೇಟು. ಅಲ್ಲಿ ಬರ ಬಂತು, ಹಿಮ ಬಿತ್ತು ಅಂದರೆ ಇಲ್ಲಿ ಗೋಣಿಕೊಪ್ಪದಲ್ಲಿ ಮೂಟೆ ಬೆಲೆ ಬದಲಾಗುತ್ತದೆ. ಚಿಕ್ಕಂದಿನಿಂದ ಅಪ್ಪನ ಬಾಯಲ್ಲಿ ಆ ದೇಶದ ಹೆಸರು ಕೇಳಿದ್ದೇನೆ, ಆದರೆ ಅಲ್ಲಿಯ ಜನ ಕಾಫಿ ಕುಡಿದು ಸಂಜೆ ಏನು ನುಡಿಸುತ್ತಾರೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ಬೋಸಾ ಹುಟ್ಟುಹಾಕಿದವರಲ್ಲಿ ಒಬ್ಬರಾದ ಜುವಾಂವ್ ಜಿಲ್ಬರ್ಟು ಗಿಟಾರ್ ಕೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಒಬ್ಬನೇ ಮನುಷ್ಯ, ಒಂದೇ ಗಿಟಾರ್, ಪಿಸುಮಾತಿನಂಥ ದನಿ. ಆದರೂ ಹಿಂದೆ ಒಂದು ಡ್ರಮ್ ತಂಡವೇ ಕೂತಿದೆ ಅನ್ನಿಸುತ್ತಿತ್ತು.

ಅದು ಹೇಗೆ ಅಂತ ತಿಳಿಯೋಕೆ ನನಗೆ ಒಂದು ವರ್ಷ ಹಿಡಿಯಿತು. ಬ್ರೆಜಿಲಿನ ಕುಣಿತದ ಸಂಗೀತ ಸಾಂಬಾದಲ್ಲಿ ಸುರ್ದು ಅಂತ ದೊಡ್ಡ ಡ್ರಮ್ ಇದೆ, ದಪ್ಪ ದನಿಯದು, ಎಲ್ಲರೂ ಅದರ ಮೇಲೆ ನಿಂತಿರುತ್ತಾರೆ. ತಂಬೊರಿಂ ಅಂತ ಅಂಗೈಯಗಲದ ಸಣ್ಣ ಚರ್ಮವಾದ್ಯ ಇದೆ, ಅದು ತಾಳ ತಪ್ಪಿಸಿದ ಹಾಗೆ ಮಧ್ಯೆ ಮಧ್ಯೆ ಚಟ್ ಚಟ್ ಅನ್ನುತ್ತದೆ. ಬೋಸಾ ಗಿಟಾರಿನಲ್ಲಿ ಹೆಬ್ಬೆರಳು ಸುರ್ದು, ಉಳಿದ ಮೂರು ಬೆರಳು ತಂಬೊರಿಂ. ಹೆಬ್ಬೆರಳು ಗಡಿಯಾರದ ಹಾಗೆ ನಡೆಯುತ್ತಿರಬೇಕು, ಬೆರಳುಗಳು ಅದರ ಮುಂದೆ ಹಿಂದೆ ಆಟವಾಡಬೇಕು. ನಮ್ಮ ಮದುವೆ ಮನೆಯ ವಾಲಗ ನೆನಪಿಸಿಕೊಳ್ಳಿ. ಊದುವವರು ಒಂದು ಕ್ಷಣ ಉಸಿರು ತೆಗೆದುಕೊಂಡರೂ ಕುಣಿಯುವವರ ಕಾಲು ನಿಲ್ಲುವುದಿಲ್ಲ. ಚರ್ಮವಾದ್ಯ ನಿಂತರೆ ಎಲ್ಲ ನಿಂತಿತು ಅಲ್ವಾ? ಲ್ಯಾಟಿನ್ ಜಾಜ್ ಗಿಟಾರಿನಲ್ಲಿ ಆ ಚರ್ಮವಾದ್ಯದ ಕೆಲಸ ಹೆಬ್ಬೆರಳಿನದು.

ಇದನ್ನೇ ನನ್ನ ಸ್ಟೀಲ್ ಗಿಟಾರಿನಲ್ಲಿ ಮಾಡಲು ಹೋದೆ. ಆಗಲಿಲ್ಲ. ಮೊದಲನೆಯದಾಗಿ ಸ್ಟೀಲ್ ತಂತಿ ಮೀಟಿದ ಮೇಲೂ ಗುಂಯ್ ಅಂತ ಉಳಿಯುತ್ತದೆ, ಮುಂದಿನ ಕಾರ್ಡ್ ಬಂದಾಗ ಹಿಂದಿನದು ಇನ್ನೂ ಅಲ್ಲೇ ಇರುತ್ತದೆ, ಒಂಬತ್ತನೆಯ ಹದಿಮೂರನೆಯ ಸ್ವರ ಸೇರಿಸಿದ ಜಾಜ್ ಕಾರ್ಡ್‌ಗಳೆಲ್ಲ ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ. ಎರಡನೆಯದು ಜಾಗ. ಸ್ಟೀಲ್ ಗಿಟಾರಿನ ನಟ್ (ನೆಕ್ ತುದಿಯಲ್ಲಿ ತಂತಿಗಳನ್ನು ಬೇರೆ ಬೇರೆ ಹಿಡಿಯುವ ಪಟ್ಟಿ) ಹತ್ತಿರ ನೆಕ್ ಅಗಲ ಸಾಮಾನ್ಯವಾಗಿ 43 ಮಿ.ಮೀ. ಆಸುಪಾಸು, ಮೈ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಹತ್ತಿರವೂ ತಂತಿಗಳು ಒತ್ತೊತ್ತಾಗಿರುತ್ತವೆ, ನಾಲ್ಕು ಬೆರಳನ್ನು ಒಟ್ಟಿಗೆ ಹಾಕಿ ನಾಲ್ಕು ತಂತಿ ಎಳೆಯುವಾಗ ಬೆರಳಿಗೆ ಬೆರಳು ತಾಗುತ್ತದೆ. ನೈಲಾನ್ ಗಿಟಾರಿನಲ್ಲಿ ಈ ಎರಡು ತೊಂದರೆಯೂ ಇಲ್ಲ. ತಂತಿ ದಪ್ಪ, ಮೃದು, ಸದ್ದು ದುಂಡಗೆ ಹುಟ್ಟಿ ಬೇಗ ಇಳಿಯುತ್ತದೆ.

ನನ್ನ ಮೊದಲ ನೈಲಾನ್ ಗಿಟಾರಿನ ಕತೆ ಬೇಗ ಹೇಳಿ ಮುಗಿಸುತ್ತೇನೆ. ಪೂರ್ತಿ ಘನ ಮರದ್ದು (ಪದರ ಪದರವಾಗಿ ಅಂಟಿಸಿದ್ದಲ್ಲ), ಸೆಕೆಂಡ್‌ಹ್ಯಾಂಡ್, ಹೆಸರು ಬೇಡ, ಯಾಕೆಂದರೆ ತಪ್ಪು ಗಿಟಾರಿನದ್ದಲ್ಲ. ಸದ್ದು ಜೇನು. ಅದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಆ ವರ್ಷ ಜುಲೈನಲ್ಲಿ ಮೂರು ವಾರ ಸೂರ್ಯ ಕಾಣಲಿಲ್ಲ, ಗೋಡೆಯಲ್ಲೇ ನೀರು ಒಸರುತ್ತಿತ್ತು. ಆಗಸ್ಟ್‌ನಲ್ಲಿ ನೋಡಿದರೆ ಮುಖದ ಹಲಗೆ ಬ್ರಿಡ್ಜ್ ಹಿಂದೆ ಹೊಟ್ಟೆಯ ಹಾಗೆ ಉಬ್ಬಿತ್ತು, ಬ್ರಿಡ್ಜಿನ ಹಿಂಭಾಗದಲ್ಲಿ ಒಂದು ಕಾಗದ ತೂರುವಷ್ಟು ಸಂದು, ಸೌಂಡ್‌ಹೋಲ್ ಒಳಗೆ ಬಿಳಿ ಬೂಷ್ಟು. ಮೈಸೂರಿನಲ್ಲಿ ರಿಪೇರಿಯವರು ಬ್ರಿಡ್ಜ್ ಮತ್ತೆ ಅಂಟಿಸಿಕೊಟ್ಟರು, ಹೊಟ್ಟೆ ಮಾತ್ರ ಪೂರ್ತಿ ಇಳಿಯಲಿಲ್ಲ. ಅವ್ವ ಅದನ್ನು ನೋಡಿ "ಕಾಫಿ ಬೇಳೆಯನ್ನಾದರೂ ಅಷ್ಟು ಜೋಪಾನ ಮಾಡ್ತೀಯ, ಇದನ್ನ ಹೀಗೆ ಬಿಟ್ಟೆಯಲ್ಲ" ಅಂದಳು. ಆ ಮಾತು ಸರಿಯಾಗಿ ತಾಗಿತು.

ಹಾಗಾಗಿ ಎರಡನೇ ಸಲ ಅವಸರ ಮಾಡಲಿಲ್ಲ. ಮೈಸೂರಿಗೆ ಎರಡು ಸಲ, ಬೆಂಗಳೂರಿಗೆ ಒಂದು ಸಲ ಹೋಗಿ ಬಂದೆ. 60 ಸಾವಿರದ ಒಳಗೆ ಮುಗಿಸಬೇಕು ಅಂತ ಲೆಕ್ಕ ಹಾಕಿಕೊಂಡಿದ್ದೆ. ಮೈಸೂರಿನ ಅಂಗಡಿಯವರು ಒಂದು ಸ್ಟೂಲ್ ಹಾಕಿಕೊಟ್ಟು, ಎದುರಿನ ಸ್ಪೀಕರ್ ಆಫ್ ಮಾಡಿ, ಎರಡು ಗಂಟೆ ನನ್ನನ್ನು ನನ್ನ ಪಾಡಿಗೆ ಬಿಟ್ಟರು. ಗಿಟಾರ್ ಅಂಗಡಿಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಲ್ಲಿ ನಾನು ಮಾಡಿದ ಪರೀಕ್ಷೆಗಳನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಯಾವ ಗಿಟಾರ್ ಕೊಂಡರೂ ಇವು ಕೆಲಸಕ್ಕೆ ಬರುತ್ತವೆ.

ಗಿಟಾರ್ ಟ್ಯೂನ್ ಮಾಡಿ, ಆರನೇ ತಂತಿಯನ್ನು ಖಾಲಿಯಾಗಿ ಒಂದು ಸಲ, ಆಮೇಲೆ ಒಂದೊಂದೇ ಫ್ರೆಟ್ (ನೆಕ್ ಮೇಲಿನ ಲೋಹದ ಗೆರೆಗಳ ಮನೆ) ಒತ್ತುತ್ತಾ ಒಂದೇ ಬಲದಲ್ಲಿ ಹೆಬ್ಬೆರಳಿನಿಂದ ಮೀಟಿ. ಎರಡರಿಂದ ಐದನೇ ಫ್ರೆಟ್ ನಡುವೆ ಕಿವಿ ಕೊಡಿ. ಗಿಟಾರಿನ ಹೊಟ್ಟೆಯೊಳಗಿನ ಗಾಳಿಗೆ ಅದರದ್ದೇ ಒಂದು ಶ್ರುತಿ ಇರುತ್ತದೆ, ಹೆಚ್ಚಿನ ಕ್ಲಾಸಿಕಲ್ ಗಿಟಾರುಗಳಲ್ಲಿ ಅದು ಈ ಜಾಗದಲ್ಲೇ ಎಲ್ಲೋ ಬೀಳುತ್ತದೆ. ಆ ಒಂದು ಸ್ವರ ಉಳಿದವುಗಳಿಗಿಂತ ಭೋಂ ಅಂತ ಊದಿಕೊಂಡು ಬಂದರೆ ಎಚ್ಚರ. ಒಬ್ಬರೇ ಕೂತು ನುಡಿಸುವಾಗ ಅದು ಚಂದವೇ. ಆದರೆ ಬೋಸಾದಲ್ಲಿ ಹೆಬ್ಬೆರಳು ಒಂದೇ ಸಮ ನಡೆಯಬೇಕು, ಹತ್ತು ಹೆಜ್ಜೆಗೆ ಒಂದು ಹೆಜ್ಜೆ ಮಾತ್ರ ಧಡ್ ಅಂತ ಬಿದ್ದರೆ ನಡಿಗೆಯೇ ಕೆಡುತ್ತದೆ. ಆಂಪ್‌ಗೆ (ಸದ್ದು ಹೆಚ್ಚಿಸುವ ಸ್ಪೀಕರ್ ಪೆಟ್ಟಿಗೆಗೆ) ಹಾಕಿದಾಗ ಕುಂಯ್ ಅಂತ ಕೂಗುವುದೂ ಸಾಮಾನ್ಯವಾಗಿ ಇದೇ ಸ್ವರ. ನಾನು ನೋಡಿದ ಒಂದು ದುಬಾರಿ ಗಿಟಾರಿನಲ್ಲಿ ಮೂರನೇ ಫ್ರೆಟ್ಟು ಎಷ್ಟು ಜೋರಾಗಿತ್ತು ಅಂದರೆ ಪಕ್ಕದ ಟೇಬಲ್ ಮೇಲಿದ್ದ ಪಿಕ್ ಡಬ್ಬಿ ಗಲಗಲ ಅಂದಿತು. ಅದನ್ನು ಕೆಳಗಿಟ್ಟೆ.

ಆಮೇಲೆ ನಿಲ್ಲುವ ಪರೀಕ್ಷೆ. ನಾಲ್ಕು ತಂತಿಯ ಕಾರ್ಡ್ ಒಂದನ್ನು ಎಳೆದು, ತಕ್ಷಣ ಎಡಗೈ ಒತ್ತಡ ಸಡಿಲಿಸಿ. ಬೆರಳು ತಂತಿಯ ಮೇಲೇ ಇರಲಿ, ಒತ್ತಡ ಮಾತ್ರ ತೆಗೆಯಿರಿ. ಸದ್ದು ಬಾಗಿಲು ಹಾಕಿದ ಹಾಗೆ ನಿಂತರೆ ಸರಿ. ಒಳಗಿನಿಂದ ಇನ್ನೂ ಏನೋ ಗುನುಗುತ್ತಿದ್ದರೆ ಆ ಗಿಟಾರ್ ಸ್ಪ್ಯಾನಿಷ್ ಕ್ಲಾಸಿಕಲ್ ಕೃತಿಗಳಿಗೆ ಹೇಳಿ ಮಾಡಿಸಿದ್ದು ಇರಬಹುದು, ಆದರೆ ಕ್ಯೂಬಾದ ಮೊಂತುನೋ ಥರ ಒಂದೇ ವರಸೆಯನ್ನು ಮತ್ತೆ ಮತ್ತೆ ಕತ್ತರಿಸಿ ಕತ್ತರಿಸಿ ನುಡಿಸುವಾಗ ಅದು ನಿಮ್ಮ ಜತೆ ಬರುವುದಿಲ್ಲ. ಈ ಸಂಗೀತದಲ್ಲಿ ಮೌನಗಳಿಗೂ ತಾಳ ಇದೆ. ಮೌನ ಶುಚಿಯಾಗಿ ಬರಬೇಕು.

ಇನ್ನೆರಡು ಚಿಕ್ಕವು. ಹನ್ನೆರಡನೇ ಫ್ರೆಟ್ ಮೇಲೆ ಹಾರ್ಮೋನಿಕ್ ಮೀಟಿ (ತಂತಿ ಒತ್ತದೆ ಬರೀ ಬೆರಳು ತಾಗಿಸಿ), ಅದೇ ಫ್ರೆಟ್ ಒತ್ತಿ ಮೀಟಿ, ಎರಡೂ ಒಂದೇ ಶ್ರುತಿ ಬರಬೇಕು. ಮೂರನೇ ತಂತಿ, ಅಂದರೆ ಜಿ, ನೈಲಾನ್ ಸೆಟ್‌ನಲ್ಲಿ ಸುತ್ತು ತಂತಿ ಇಲ್ಲದವುಗಳಲ್ಲೇ ದಪ್ಪನೆಯದು, ಅದು ಮಂಕಾಗಿ ಕೇಳುವುದು, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಸ್ವಲ್ಪ ಜಾರುವುದು ಎಲ್ಲ ಕಡೆ ಇರುವ ಸಂಗತಿ. ಅದನ್ನು ಗಿಟಾರಿನ ದೋಷ ಅಂತ ತಿಳಿಯಬೇಡಿ. ಕಾರ್ಬನ್ ಜಿ ತಂತಿ ಒಂದನ್ನು ಬೇರೆಯಾಗಿ ಹಾಕಿದರೆ ಎಷ್ಟೋ ಸರಿಹೋಗುತ್ತದೆ.

ಕೊನೆಗೆ ನಾನು ತಂದದ್ದು ಯಮಹಾ ಎನ್‌ಟಿಎಕ್ಸ್1. ಇದು 2020ರಲ್ಲಿ ಬಂದ ಸರಣಿ. ನಟ್ ಅಗಲ 48 ಮಿ.ಮೀ., ಮೈ ತೆಳು, ನೆಕ್ 14ನೇ ಫ್ರೆಟ್ ಹತ್ತಿರ ಮೈಗೆ ಸೇರುತ್ತದೆ, ಮೇಲಿನ ಫ್ರೆಟ್‌ಗಳಿಗೆ ಕೈ ಹೋಗಲು ಒಂದು ಪಕ್ಕ ಮೈ ಕೊರೆದ ಕಟ್‌ಅವೇ ಇದೆ, ಮುಖ ಘನ ಸ್ಪ್ರೂಸ್, ಬೆನ್ನು ಪಕ್ಕೆ ಪದರ ಮರ, ಒಳಗೆ ಪಿಕಪ್ (ತಂತಿಯ ಸದ್ದನ್ನು ಆಂಪ್‌ಗೆ ಕಳಿಸುವ ಭಾಗ). ಫ್ರೆಟ್‌ಬೋರ್ಡ್ ಕ್ಲಾಸಿಕಲ್ ಗಿಟಾರಿನ ಹಾಗೆ ಚಪ್ಪಟೆ ಅಲ್ಲ, ಸ್ವಲ್ಪ ದುಂಡಗಿದೆ. ಸ್ಟೀಲ್‌ನಿಂದ ಬಂದವರ ಎಡಗೈಗೆ ಇದು ಮನೆಗೆ ಬಂದ ಹಾಗೆ ಅನ್ನಿಸುತ್ತದೆ. ಸಾಮಾನ್ಯ ಕ್ಲಾಸಿಕಲ್ ಗಿಟಾರಿಗೆ ನಟ್ 52 ಮಿ.ಮೀ., ನೆಕ್ ಸೇರುವುದು 12ನೇ ಫ್ರೆಟ್‌ನಲ್ಲಿ. 4 ಮಿ.ಮೀ. ಅಂದರೆ ಏನು ಮಹಾ ಅನ್ನಬಹುದು. ಆರನೇ ತಂತಿಯಲ್ಲಿ ಬೇಸ್ ಒತ್ತಿಕೊಂಡು ಕಿರುಬೆರಳನ್ನು ಎರಡನೇ ತಂತಿಗೆ ಚಾಚಿ ಹದಿಮೂರನೆಯ ಸ್ವರ ಹಿಡಿಯಿರಿ, ಹಾಗೇ ಮೂರು ನಿಮಿಷ ಕಾರ್ಡ್ ಬದಲಿಸುತ್ತಾ ಇರಿ. 4 ಮಿ.ಮೀ. ಏನು ಅಂತ ಮಣಿಕಟ್ಟೇ ಹೇಳುತ್ತದೆ.

ಇದೇ ಸರಣಿಯ ಎನ್‌ಸಿಎಕ್ಸ್1 ಕೂಡ ಅಲ್ಲೇ ಇತ್ತು. ಅದಕ್ಕೆ 52 ಮಿ.ಮೀ. ನೆಕ್, 12ನೇ ಫ್ರೆಟ್ ಕೂಡು, ಮೈಯೂ ಸ್ವಲ್ಪ ದಪ್ಪ. ಆಂಪ್ ಇಲ್ಲದೆ ಕೇಳಿದರೆ ಅದರ ಸದ್ದೇ ಹೆಚ್ಚು ತುಂಬಿ ಬರುತ್ತದೆ, ಇದರಲ್ಲಿ ಅನುಮಾನ ಇಲ್ಲ. ಎರಡನ್ನೂ ಬದಲಾಯಿಸಿ ಬದಲಾಯಿಸಿ ಒಂದು ಗಂಟೆ ನುಡಿಸಿದೆ. ಬೆರಳಿನ ಶಿಸ್ತು ಮೊದಲೇ ಕ್ಲಾಸಿಕಲ್ ಪದ್ಧತಿಯಲ್ಲಿ ಬಂದವರು, ಬರೀ ಗಿಟಾರ್ ಹಿಡಿದು ಒಬ್ಬರೇ ನುಡಿಸುವವರು ಎನ್‌ಸಿಎಕ್ಸ್ ಕಡೆ ಹೋಗಲಿ ಅನ್ನುವುದು ನನ್ನ ಮಾತು. ನನಗೆ ಬೇಕಿದ್ದದ್ದು ಬೇರೆ. ವಾರದ ಕೊನೆಗೆ ಮಡಿಕೇರಿಯ ಹೋಂಸ್ಟೇಗಳಲ್ಲಿ ನಾವು ಮೂವರು ನುಡಿಸುತ್ತೇವೆ, ಒಬ್ಬ ಗೆಳೆಯನದು ಕೀಬೋರ್ಡ್, ಇನ್ನೊಬ್ಬನದು ಮೇಲೆ ಕೂತು ಕೈಯಲ್ಲಿ ಬಾರಿಸುವ ಕಹೋನ್ ಪೆಟ್ಟಿಗೆ. ಅಲ್ಲಿ ಆಂಪ್ ಬೇಕೇ ಬೇಕು. ತೆಳು ಮೈ ಅಂದರೆ ಆಂಪ್ ಮುಂದೆ ಕೂಗಾಟ ಕಡಿಮೆ. ಸೋಲೋ ಬಂದಾಗ 14ನೇ ಫ್ರೆಟ್ ದಾಟಿ ಕೈ ಸಲೀಸಾಗಿ ಹೋಗಬೇಕು. ಬೇಸ್ ಸ್ವಲ್ಪ ಒಣಗಿದ ಹಾಗೆ, ಚಿಕ್ಕದಾಗಿ ಬಂದರೆ ಕೀಬೋರ್ಡಿನ ಎಡಗೈಗೆ ಅಡ್ಡ ಬರುವುದಿಲ್ಲ. ಒಬ್ಬರೇ ನುಡಿಸುವಾಗ ಕೊರತೆ ಅನ್ನಿಸುವುದೇ ತಂಡದಲ್ಲಿ ಗುಣ ಆಗುತ್ತದೆ. ಇದು ನನಗೆ ಅಂಗಡಿಯಲ್ಲಿ ಹೊಳೆದದ್ದಲ್ಲ, ಮೂರನೇ ವಾರ ಮಡಿಕೇರಿಯಲ್ಲಿ ಮೂವರೂ ಒಟ್ಟಿಗೆ ನುಡಿಸಿದಾಗ ಗೊತ್ತಾಯಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. 48 ಮಿ.ಮೀ. ನೆಕ್ ಇಲ್ಲದೆ ಲ್ಯಾಟಿನ್ ಜಾಜ್ ಆಗದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕಾದ ಚಾರ್ಲಿ ಬರ್ಡ್ ಸ್ಪೇನಿನ ಗಿಟಾರ್ ದಿಗ್ಗಜ ಸೆಗೋವಿಯಾ ಹತ್ತಿರ ಪಾಠ ಕೇಳಿದ ಕ್ಲಾಸಿಕಲ್ ಗಿಟಾರಿಸ್ಟ್. 1961ರಲ್ಲಿ ದಕ್ಷಿಣ ಅಮೆರಿಕಾ ಪ್ರವಾಸಕ್ಕೆ ಹೋದಾಗ ಬೋಸಾ ಕೇಳಿ ಮನಸೋತು ಬಂದು, 1962ರಲ್ಲಿ ಸ್ಯಾಕ್ಸೋಫೋನಿನ ಸ್ಟ್ಯಾನ್ ಗೆಟ್ಸ್ ಜತೆ ವಾಷಿಂಗ್ಟನ್ನಿನ ಒಂದು ಚರ್ಚಿನ ಹಾಲ್‌ನಲ್ಲಿ ಕೂತು ರೆಕಾರ್ಡ್ ಮಾಡಿದ್ದು ಅಮೆರಿಕಾಕ್ಕೆಲ್ಲ ಬೋಸಾ ಹುಚ್ಚು ಹಿಡಿಸಿತು. ಅವರ ಕೈಯಲ್ಲಿದ್ದದ್ದು ಕ್ಲಾಸಿಕಲ್ ಗಿಟಾರೇ. ಅಗಲ ನೆಕ್‌ಗೆ ಕೈ ಒಗ್ಗುತ್ತದೆ, ಸಮಯ ಬೇಕು ಅಷ್ಟೇ. ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು ಅನ್ನುವ ನನ್ನಂಥವರಿಗೆ 48 ಆ ಸಮಯ ಉಳಿಸಿಕೊಡುತ್ತದೆ.

ಉಳಿದ ಗಿಟಾರುಗಳ ಬಗ್ಗೆ ಚುಟುಕಾಗಿ. ಯಮಹಾ ಸಿ40 ಕಲಿಯುವವರಿಗೆ ಕಣ್ಣು ಮುಚ್ಚಿ ಹೇಳಬಹುದಾದದ್ದು. ಪೂರ್ತಿ ಪದರ ಮರ, 52 ಮಿ.ಮೀ. ನೆಕ್, ಪಿಕಪ್ ಇಲ್ಲ. ಬೋಸಾ ನಿಮಗೆ ಒಗ್ಗುತ್ತದಾ ಇಲ್ಲವಾ ಅಂತ ನೋಡೋಕೆ ಇದಕ್ಕಿಂತ ಜಾಸ್ತಿ ಖರ್ಚು ಬೇಡ. ಪದರ ಮರ ಅಂತ ಮೂಗು ಮುರಿಯಬೇಡಿ, ನಮ್ಮ ಮಳೆಗೆ ಅದೇ ಗಟ್ಟಿ. ಕಾರ್ಡೋಬಾ ಸಿ5 ಕೈಗೆ ಬಂದಾಗ ಬಿಡೋಕೆ ಮನಸ್ಸಾಗಲಿಲ್ಲ, ಘನ ಸೀಡರ್ ಮುಖ, ಮೆಲ್ಲಗೆ ಮುಟ್ಟಿದರೂ ಬೆಚ್ಚಗೆ ಮಾತಾಡುತ್ತದೆ. ಸೀಡರ್‌ಗೂ ಸ್ಪ್ರೂಸ್‌ಗೂ ಇರುವ ವ್ಯತ್ಯಾಸ ಅಲ್ಲಿ ಚೆನ್ನಾಗಿ ಗೊತ್ತಾಯಿತು. ಸೀಡರ್ ಮೊದಲ ದಿನದಿಂದಲೇ ಮೃದು, ಸ್ಪ್ರೂಸ್ ಸ್ವಲ್ಪ ಚೂಪು, ನುಡಿಸುತ್ತಾ ನುಡಿಸುತ್ತಾ ಅರಳುತ್ತದೆ. ನಿಧಾನದ ಬೋಸಾ ಮಾತ್ರ ನುಡಿಸುವವರಿಗೆ ಸೀಡರ್ ಸುಖ. ಸಾಂಬಾ, ಮೊಂತುನೋ ಅಂತ ವೇಗ ಬಂದಾಗ ಸ್ಪ್ರೂಸಿನ ಚೂಪು ಬೇಕಾಗುತ್ತದೆ. ಕಾರ್ಡೋಬಾದ್ದೇ ಜಿಕೆ ಸ್ಟುಡಿಯೋ, ಸ್ಪೇನಿನ ಫ್ಲಮೆಂಕೋ ಸಂಗೀತದ ಕಡೆಯದು, ಬೆನ್ನು ಪಕ್ಕೆ ಸೈಪ್ರೆಸ್, ಮೈ ತೆಳು, ಸದ್ದು ಚಟಪಟ ಅಂತ ಸಿಡಿದು ನಿಲ್ಲುತ್ತದೆ. ತಾಳದ ಕೆಲಸಕ್ಕೆ ಇದೂ ಒಳ್ಳೆಯ ಆಯ್ಕೆ. ದೊಡ್ಡ ವೇದಿಕೆ, ಜೋರು ಡ್ರಮ್ ಇದ್ದವರು ಕೆನಡಾದ ಗೊಡಿನ್ ಮಲ್ಟಿಯಾಕ್ ನೈಲಾನ್ ನೋಡಲಿ. ಅದರ ಮೈ ಪೂರ್ತಿ ಟೊಳ್ಳಲ್ಲ, ಮರದಲ್ಲಿ ಅಲ್ಲಲ್ಲಿ ಗೂಡು ಕೊರೆದದ್ದು, ಹಾಗಾಗಿ ಆಂಪ್ ಎಷ್ಟು ಏರಿಸಿದರೂ ಕೂಗುವುದು ಬಹಳ ಕಡಿಮೆ. ಬೆಲೆ ನನ್ನ ಲೆಕ್ಕದ ಆಚೆ ಇತ್ತು.

ಪಿಕಪ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಅಯಸ್ಕಾಂತದ ಪಿಕಪ್ ನೈಲಾನಿಗೆ ಕೆಲಸ ಮಾಡುವುದಿಲ್ಲ, ತಂತಿಯಲ್ಲಿ ಕಬ್ಬಿಣ ಇದ್ದರೆ ತಾನೆ. ಇಲ್ಲಿ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಪಟ್ಟಿಯ ಕೆಳಗೆ ಪೀಜೋ, ಅಂದರೆ ಒತ್ತಡದ ನಡುಕವನ್ನು ವಿದ್ಯುತ್ತಾಗಿಸುವ ಪಿಕಪ್, ಇರುತ್ತದೆ. ಪೀಜೋ ಅಂದಮೇಲೆ ನೇರ ಹಾಕಿದರೆ ಸ್ವಲ್ಪ ಪ್ಲಾಸ್ಟಿಕ್ ಚೂಪು ಬಂದೇ ಬರುತ್ತದೆ, ಯಾವ ಕಂಪನಿಯದಾದರೂ. ಟ್ರೆಬಲ್ ಅರ್ಧಕ್ಕಿಂತ ಕೆಳಗಿಳಿಸಿ, ಚೂರೇ ಚೂರು ರಿವರ್ಬ್ ಕೊಡಿ, ಬೆರಳನ್ನು ಸೌಂಡ್‌ಹೋಲ್ ಕಡೆ ಸರಿಸಿ ನುಡಿಸಿ. ಸಾಕು.

ಮರದ ಮಾತು ಬಂದಾಗ ಒಂದು ವಿಷಯ ಹೇಳದೆ ಇರೋಕೆ ಆಗುವುದಿಲ್ಲ. ದುಬಾರಿ ಕ್ಲಾಸಿಕಲ್ ಗಿಟಾರುಗಳ ಕ್ಯಾಟಲಾಗ್‌ನಲ್ಲಿ ಬೆನ್ನು ಪಕ್ಕೆಗೆ 'ಇಂಡಿಯನ್ ರೋಸ್‌ವುಡ್' ಅಂತ ಬರೆದಿರುತ್ತದಲ್ಲ, ಅದು ನಮ್ಮ ಬೀಟೆ. ನಮ್ಮ ತೋಟಗಳಲ್ಲಿ ಕಾಫಿಗೆ ನೆರಳು ಕೊಟ್ಟು ನಿಂತಿರುವ ಅದೇ ಬೀಟೆ ಮರ. ಮೊದಲು ಬ್ರೆಜಿಲಿನ ರೋಸ್‌ವುಡ್‌ಗೆ ಬೇಡಿಕೆ ಇತ್ತು. ಆ ಮರ ಅಳಿವಿನ ಅಂಚಿಗೆ ಬಂದು 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ತಡೆದರು. ಅದರ ಜಾಗದಲ್ಲಿ ಗಿಟಾರ್ ಮಾಡುವವರು ಮುಖ್ಯವಾಗಿ ನೆಚ್ಚಿಕೊಂಡಿರುವುದು ನಮ್ಮ ಕಡೆಯ ಬೀಟೆಯನ್ನು. ಬ್ರೆಜಿಲಿನ ಕಾಫಿ, ಇಲ್ಲಿಯ ಕಾಫಿ, ಬ್ರೆಜಿಲಿನ ಮರ, ಇಲ್ಲಿಯ ಮರ. ಬೆಂಗಳೂರಿನ ಅಂಗಡಿಯಲ್ಲಿ ಬೀಟೆ ಬೆನ್ನಿನ ಸ್ಪೇನ್ ಗಿಟಾರ್ ಒಂದನ್ನು ತಿರುಗಿಸಿ ನೋಡಿದಾಗ ಆ ಕಡು ನೇರಳೆ ಗೆರೆಗಳು ನಮ್ಮ ಅಜ್ಜನ ಕಾಲದ ಬೀಟೆ ಪೆಟ್ಟಿಗೆಯದ್ದೇ ಅನ್ನಿಸಿತು, ಸುಮ್ನೆ ಒಂದು ಸಲ ಕೈಯಾಡಿಸಿ ವಾಪಸ್ ಕೊಟ್ಟೆ.

ಈಗ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 100 ಇಂಚು ದಾಟುವುದು ಮಾಮೂಲು, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮ ಮನೆಯೊಳಗೆ ಜುಲೈನಲ್ಲಿ ಮೀಟರ್ 90 ತೋರಿಸಿದೆ. ಮರ ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಮುಖದ ಹಲಗೆಯ ಎರಡು ಅಂಚು ಪಕ್ಕೆಗೆ ಅಂಟಿಕೊಂಡಿರುವುದರಿಂದ ಹಿಗ್ಗಿದ್ದು ಎಲ್ಲಿಗೂ ಹೋಗಲಾರದೆ ಮೇಲಕ್ಕೆ ಉಬ್ಬುತ್ತದೆ. ಜತೆಗೆ ಬ್ರಿಡ್ಜ್ ಏರುತ್ತದೆ, ತಂತಿ ಏರುತ್ತದೆ, ಸದ್ದು ಒದ್ದೆ ಬಟ್ಟೆ ಹೊದ್ದ ಹಾಗಾಗುತ್ತದೆ. ಪದರ ಮರದಲ್ಲಿ ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡ ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಘನ ಮುಖ, ಪದರದ ಬೆನ್ನು ಪಕ್ಕೆ ಇರುವ ಗಿಟಾರೇ ಕೊಡಗಿಗೆ ಸರಿ ಅಂತ ನಾನು ಹೇಳುವುದು ಇದಕ್ಕೇ. ಸದ್ದಿಗೆ ಹೆಚ್ಚು ಬೇಕಾದದ್ದು ಮುಖ, ಕಾಪಾಡೋಕೆ ಒಂದೇ ಹಲಗೆ.

ಡಿಹ್ಯೂಮಿಡಿಫೈಯರ್ ಮಷೀನ್ ತಗೊಳ್ಳಿ ಅಂತ ಬೆಂಗಳೂರಿನವರು ಸಲಹೆ ಕೊಡುತ್ತಾರೆ. ಗಾಳಿ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ನಮ್ಮಲ್ಲಿ ಅದನ್ನು ನೆಚ್ಚಿಕೊಳ್ಳೋಕೆ ಆಗುವುದಿಲ್ಲ. ನಾನು ಮಾಡುವುದು ಇಷ್ಟು. ಬಟ್ಟೆ ಬ್ಯಾಗ್ ಬಿಟ್ಟು ಗಟ್ಟಿ ಕೇಸ್ ಕೊಂಡೆ. ಕೇಸ್ ಒಳಗೆ ತೇವಾಂಶದ ಸಣ್ಣ ಮೀಟರ್ ಒಂದು, ಸಿಲಿಕಾ ಜೆಲ್ ತುಂಬಿದ ಎರಡು ಬಟ್ಟೆ ಚೀಲ. ಜೆಲ್ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕುತ್ತೇನೆ. ಕಾಫಿ ಒಣಗಿಸುವವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ ಬಿಡಿ, ಕಣದಲ್ಲಿ ಬೇಳೆ ಎಷ್ಟು ಒಣಗಿತು ಅಂತ ಕಚ್ಚಿ ನೋಡಿಯೇ ಹೇಳುವ ಜನ ನಾವು. ನುಡಿಸಿದ ಮೇಲೆ ಗಿಟಾರ್ ಒರೆಸಿ ಕೇಸ್ ಒಳಗೆ, ಐದು ನಿಮಿಷದ ಕೆಲಸಕ್ಕೆ ಎದ್ದರೂ ಕೇಸ್ ಒಳಗೆ. ಒಲೆ ಮೇಲಿನ ಅಟ್ಟದಲ್ಲಿಡು, ಬೆಚ್ಚಗಿರುತ್ತೆ ಅಂತ ಮನೆಯ ಹಿರಿಯರು ಹೇಳುತ್ತಾರೆ, ಕೇಳಬೇಡಿ. ಒಂದೇ ದಿನದಲ್ಲಿ 90ರಿಂದ 30ಕ್ಕೆ ಇಳಿದರೆ ಹಲಗೆ ಸೀಳುತ್ತದೆ.

ಇಷ್ಟು ಮಾಡಿದರೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಬೇಸಿಗೆಯಲ್ಲಿ 12ನೇ ಫ್ರೆಟ್ ಮೇಲೆ ಆರನೇ ತಂತಿಯ ಎತ್ತರ 3.2 ಮಿ.ಮೀ. ಇದ್ದದ್ದು ಆಗಸ್ಟ್‌ನಲ್ಲಿ 3.7 ಆಯಿತು. ರಿಪೇರಿಯವರು ಒಂದು ಒಳ್ಳೆ ಉಪಾಯ ಹೇಳಿಕೊಟ್ಟರು: ಎರಡು ಸ್ಯಾಡಲ್ ಇಟ್ಟುಕೊಳ್ಳಿ. ತಂತಿ ಸಡಿಲಿಸಿದರೆ ಸ್ಯಾಡಲ್ ಕೈಯಲ್ಲೇ ಎತ್ತಿ ತೆಗೆಯಬಹುದು. ಮಳೆಗಾಲಕ್ಕೆ ಸ್ವಲ್ಪ ಗಿಡ್ಡ, ಹೂಮಳೆಗೆ (ಕಾಫಿ ಹೂ ಅರಳಿಸುವ ಮಳೆಗೆ) ಮುಂಚಿನ ಒಣ ದಿನಗಳಿಗೆ ಸ್ವಲ್ಪ ಎತ್ತರ. ಒಂದೇ ಎಚ್ಚರ, ಕೆಳಗೆ ಪೀಜೋ ಇರುವುದರಿಂದ ಸ್ಯಾಡಲ್ ತಳ ಕನ್ನಡಿಯಷ್ಟು ಸಮ ಇರಬೇಕು, ಇಲ್ಲದಿದ್ದರೆ ಆಂಪ್‌ನಲ್ಲಿ ಒಂದು ತಂತಿ ಜೋರು, ಒಂದು ಮೆಲ್ಲಗೆ ಕೇಳುತ್ತದೆ.

ತಂತಿಯ ಬಗ್ಗೆ ಒಂದು ದುಃಖದ ಸಂಗತಿ. ನನ್ನ ಪರಿಚಯದ ಹುಡುಗ ಒಬ್ಬ ನೈಲಾನ್ ಗಿಟಾರ್ ತಂದು, ತಂತಿ ಹೋಯಿತು ಅಂತ ಒಂದು ಅಂಗಡಿಗೆ ಕೊಟ್ಟ, ಅವರು ಸ್ಟೀಲ್ ಸೆಟ್ ಹಾಕಿಕೊಟ್ಟರು. ಸ್ಟೀಲಿನ ಎಳೆತ ನೈಲಾನಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ವಾರದೊಳಗೆ ಬ್ರಿಡ್ಜ್ ಮುಖದ ಚಕ್ಕೆ ಸಮೇತ ಕಿತ್ತು ಬಂತು. ಅವನ ಮೊದಲ ಗಿಟಾರ್ ಅದು. ದಯವಿಟ್ಟು ತಂತಿ ನೀವೇ ಕಟ್ಟಲು ಕಲಿಯಿರಿ, ಬ್ರಿಡ್ಜ್ ಹತ್ತಿರದ ಗಂಟು ನೋಡೋಕೆ ಕಷ್ಟ, ಹಾಕೋಕೆ ಸುಲಭ. ನಾನು ಹಾಕುವುದು ಡಿ'ಅಡಾರಿಯೊ ಪ್ರೊ ಆರ್ಟೆ ಇಜೆ45, ನಾರ್ಮಲ್ ಟೆನ್ಷನ್. ಹಾರ್ಡ್ ಟೆನ್ಷನ್ ಇಜೆ46 ಹಾಕಿ ನೋಡಿದ್ದೆ, ಹೆಬ್ಬೆರಳಿಗೆ ಒಳ್ಳೆಯ ಗಟ್ಟಿ ನೆಲ ಸಿಗುತ್ತದೆ, ಆದರೆ ಎಡಗೈ ಬೇಗ ಸೋಲುತ್ತದೆ. ಹೊಸ ನೈಲಾನ್ ತಂತಿ ನಾಲ್ಕೈದು ದಿನ ಹಿಗ್ಗುತ್ತಲೇ ಇರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಇಳಿಯುತ್ತದೆ. ಹೊಸಬರು ಗಿಟಾರೇ ಕೆಟ್ಟಿದೆ ಅಂತ ವಾಪಸ್ ಕೊಡಲು ಹೋಗುವುದು ಇಲ್ಲೇ. ಸಂಜೆ ಕಾರ್ಯಕ್ರಮ ಇದ್ದರೆ ಬೆಳಿಗ್ಗೆ ತಂತಿ ಬದಲಿಸಬೇಡಿ. ಸುತ್ತು ತಂತಿಗಳು ನಮ್ಮ ತೇವಕ್ಕೆ ಬೇಗ ಕಪ್ಪಾಗುತ್ತವೆ, ಹಾಗಾಗಿ ಬೇಸ್ ಮೂರನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸುತ್ತೇನೆ, ಮೇಲಿನ ಮೂರು ಇನ್ನೂ ಬಾಳುತ್ತವೆ.

ಉಗುರಿನ ಬಗ್ಗೆಯೂ ಒಂದು ಮಾತು. ಬಲಗೈ ಬೆರಳುಗಳ ಉಗುರು ತುದಿಗಿಂತ ಚೂರು ಮುಂದಿದ್ದರೆ ಸದ್ದಿಗೆ ಹೊಳಪು ಬರುತ್ತದೆ. ಕಾಫಿ ಕುಯ್ಲು, ಚಿಗುರು ತೆಗೆಯುವ ಕೆಲಸ ಮಾಡುವವರ ಉಗುರು ಉಳಿಯುವುದಿಲ್ಲ. ಬರೀ ಬೆರಳ ತುದಿಯಲ್ಲಿ ನುಡಿಸಿ, ಬೋಸಾಕ್ಕೆ ಆ ಮೆತ್ತನೆಯ ಸದ್ದೂ ಚೆನ್ನಾಗಿ ಹೊಂದುತ್ತದೆ. ಜನವರಿ ಫೆಬ್ರವರಿಯಲ್ಲಿ ರೊಬಸ್ಟಾ ಕುಯ್ಲಿನ ಹೊತ್ತಿಗೆ ನಾನು ನುಡಿಸುವುದು ಹಾಗೆಯೇ.

ಕೊಂಡು ಒಂದು ವರ್ಷ ಎರಡು ತಿಂಗಳಾಯಿತು, ಒಂದು ಪೂರ್ತಿ ಮಳೆಗಾಲ ದಾಟಿತು. ಮುಖದ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಬ್ರಿಡ್ಜ್ ಹಿಂದೆ ಕಾಗದ ತೂರಿಸಿ ನೋಡಿದೆ, ಎಲ್ಲೂ ಹೋಗಲಿಲ್ಲ. ಕಳೆದ ಪುತ್ತರಿ ಸುಗ್ಗಿ ಹಬ್ಬಕ್ಕೆ ನೆಂಟರು ಸೇರಿದ್ದಾಗ ಅಂಗಳದಲ್ಲಿ ಕೂತು ಆಂಪ್ ಇಲ್ಲದೆ ಮೆಲ್ಲಗೆ ಒಂದು ಬೋಸಾ ತಾಳ ಹಿಡಿದೆ, ಹಾಡೇನೂ ಇರಲಿಲ್ಲ, ಬರೀ ಎರಡು ಕಾರ್ಡು. ನಮ್ಮ ದೊಡ್ಡಪ್ಪನಿಗೆ ಎಪ್ಪತ್ತೆಂಟು ವರ್ಷ, ಚಿಕ್ಕಂದಿನಿಂದ ದುಡಿ (ನಮ್ಮ ಕೊಡಗಿನ ಸಣ್ಣ ಚರ್ಮವಾದ್ಯ) ಬಾರಿಸಿದವರು. ಸ್ವಲ್ಪ ಹೊತ್ತು ಕೇಳಿದರು, ನನ್ನ ಬಲಗೈಯನ್ನೇ ನೋಡಿದರು, ಆಮೇಲೆ ದುಡಿ ತರಿಸಿಕೊಂಡು ನನ್ನ ಹೆಬ್ಬೆರಳು ಬೀಳುವ ಜಾಗ ಬಿಟ್ಟು ಉಳಿದ ಜಾಗಗಳಲ್ಲಿ ಬಾರಿಸೋಕೆ ಶುರು ಮಾಡಿದರು.